ನಾಲ್ಕನೇ ಗುಣಿಯ ಕಡ್ಡಿ

“ನನ್ನ ಹೆಗ್ಗೆಣಸು ಅಂಗಳದಲ್ಲಿ ಮಲಗಿದ್ರೆ ಮೊಸಳೆ ಬಂದು ದೊಡ್ಡಪ್ಪ ಅಂತ ಮಾತಾಡಿಸ್ಕೊಂಡು ಹೋಗ್ತದೆ. ಈ ಸಲ ಪೂರಾ ಒಂದು ದಮ್ನೊ. ಒಂದೂ ಕಮ್ಮಿ ಇಲ್ಲ,” ಎಂದು ಕರ್ಬು ಸಾರಿಕೊಂಡು ಬಂದ. ಸಾರಲು ಹೊಳೆಯಾಚೆಯ ಊರಿಗೇ ನಡೆದಿದ್ದ. ತನ್ನ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಹೆಂಡತಿ ದೈಬು ತೀರಿಕೊಂಡು ಮೂರು ಬೆಳೆ ಕಳೆದಿತ್ತು. ಅವಳ ಹಿಂದೆಯೇ ಅವಳ ಅಣ್ಣ ಅಬಿಯಾ ಬರುವುದೂ ನಿಂತಿತ್ತು. ಮನೆ ಎಷ್ಟು ಮೌನವಾಗಿತ್ತೆಂದರೆ, ಕರ್ಬು ಒಮ್ಮೆ ಕೆಮ್ಮಿದರೆ ಹಲ್ಲಿಗಳು ಸಂಸಾರಸಮೇತ ಬಂದು ಕೇಳುತ್ತ ಕೂರುತ್ತಿದ್ದವು. ಆದರೆ ರಾಶಿ ಒಂದು ದಮ್ನೊ ತುಂಬಿದರೆ, ಎಣಿಸಲು ಬಂದ ನೆಂಟರು ಆರು ದಿನ ಅಲ್ಲೇ ಉಂಡು ಮಲಗಬೇಕು. ತುಂಬದಿದ್ದರೆ ಎಳನೀರು ಕುಡಿದು ಎದ್ದುಹೋಗುವುದು. ಕರ್ಬುವಿಗೆ ಬೇಕಾಗಿದ್ದದ್ದು ಆ ಆರು ದಿನ.

ದಮ್ನೊ ಎಂದರೆ ಶಾಲೆಯ ಲೆಕ್ಕದಲ್ಲಿ ಸಾವಿರದ ಇನ್ನೂರ ತೊಂಬತ್ತಾರು. ಕೇಳಿದರೇ ತಲೆಕೆದರಿದ ಹಾಗಿದೆ. ಇಲ್ಲಿ ಮಾತ್ರ ಅದರಷ್ಟು ದುಂಡಗಿನ ಸಂಖ್ಯೆ ಇನ್ನೊಂದಿಲ್ಲ. ಎಣಿಕೆಗೆ ಇಬ್ಬರು ಬೇಕು, ಕಡ್ಡಿ ಹಾಕಲು ನೆಲದಲ್ಲಿ ಸಾಲಾಗಿ ತೋಡಿದ ನಾಲ್ಕು ಗುಣಿ ಬೇಕು. ಒಬ್ಬೊಬ್ಬರ ಕೈಯಲ್ಲಿ ಮೂರು ಗೆಣಸು. ಜೋಡಿಯಾಗಿ ನಡೆದು ಹಾಕಿದರೆ ಆರು, ಮೊದಲ ಗುಣಿಗೊಂದು ಕಡ್ಡಿ. ಅಲ್ಲಿ ಆರು ಕಡ್ಡಿಯಾದರೆ ಅಷ್ಟನ್ನೂ ತೆಗೆದು ಎರಡನೆಯದಕ್ಕೆ ಒಂದು. ಅಲ್ಲೂ ಆರಾದರೆ ಮೂರನೆಯದಕ್ಕೆ ಒಂದು. ನಾಲ್ಕನೇ ಗುಣಿಗೆ ಕಡ್ಡಿ ಬಿತ್ತೆಂದರೆ ದಮ್ನೊ.

ಕರ್ಬು ಮೊದಲೇ ಒಬ್ಬನೇ ಎಣಿಸಿ ನೋಡಿದ್ದ. ಒಮ್ಮೆ ತಾನಾಗಿ ನಡೆದ, ಒಮ್ಮೆ ಭಾವನಾಗಿ ನಡೆದ. ಮಧ್ಯೆ ಹಳೆಯ ಹಂದಿಯೊಂದರ ವಿಷಯಕ್ಕೆ ಇಬ್ಬರಿಗೂ ಜಗಳವೇ ಹತ್ತಿತು. ಕೊನೆಯ ಸುತ್ತಿನಲ್ಲಿ ಭಾವನ ಪಾಲಿಗೆ ಎರಡೇ ಗೆಣಸು ಉಳಿದಾಗ, ಜಗಳದ ಭರದಲ್ಲಿ ತಾನೇ ಎಲ್ಲೋ ತಪ್ಪಿದೆನೆಂದು ಕಡ್ಡಿ ಹಾಕಿಬಿಟ್ಟಿದ್ದ.

ಸುದ್ದಿ ಕೇಳಿ ಅಬಿಯಾ ತನ್ನ ತಮ್ಮ ಸೆಕ್ರಿಯನ್ನು ಕರೆದುಕೊಂಡು ಎಣಿಸಲು ಬಂದ. ಗೆಣಸಿನ ಒಡೆಯ ಮುಟ್ಟುವಂತಿಲ್ಲ. ಕರ್ಬು ಗುಣಿಗಳ ಪಕ್ಕ ಕೂತ. ಆರು ಚಾಪೆ ಆಗಲೇ ಒಳಗೆ ಹಾಸಿಟ್ಟಿದ್ದ, ಬಂದವರು ಇಬ್ಬರೇ ಆದರೂ.

ಬಿಸಿಲು ಇಳಿಯುವ ಹೊತ್ತಿಗೆ ಮೂರೂ ಗುಣಿಗಳಲ್ಲಿ ಐದೈದು ಕಡ್ಡಿ. ಅಬಿಯಾನ ಕೈಯಲ್ಲಿ ಮೂರು ಗೆಣಸು, ಸೆಕ್ರಿಯ ಕೈಯಲ್ಲಿ ಎರಡು. ರಾಶಿ ಮುಗಿದಿತ್ತು.

“ಇನ್ನೊಂದೆಲ್ಲಿ ಭಾವ?” ಎಂದ ಸೆಕ್ರಿ.

“ಅಲ್ಲೇ ಮೂಲೇಲಿ ಇರ್ತದೆ, ಸರಿಯಾಗಿ ನೋಡೋ.”

ಸೆಕ್ರಿ ನೋಡಿದ. ಮೂಲೆಯಲ್ಲಿ ಹಲ್ಲಿ ಇತ್ತು.

“ಮೊಸಳೆ ಬಂದು ದೊಡ್ಡಪ್ಪನ್ನ ಕರ್ಕೊಂಡು ಹೋಗಿರ್ಬೇಕು,” ಎಂದ ಅಬಿಯಾ.

“ನಮ್ಮನೆಯಿಂದ ಒಂದು ತಂದ್ರೆ?” ಎಂದ ಸೆಕ್ರಿ.

“ಬೇರೆ ಮನೆ ಗೆಣಸು ಎಣಿಕೆಗೆ ಬರಲ್ಲ ಕಣೋ, ಸುಮ್ನಿರು.” ಅಬಿಯಾ ಎಳನೀರಿನ ಕಡೆ ಕೈಚಾಚಿದ. “ಒಂದೇ ಒಂದು, ಭಾವ. ನಾಲ್ಕನೇ ಗುಣಿಗೆ ಕಡ್ಡಿ ಬಿದ್ದಿದ್ರೆ ಎಷ್ಟು ಚೆಂದ ಇರ್ತಿತ್ತು.”

ಕರ್ಬು ಗುಣಿಗಳನ್ನೇ ನೋಡುತ್ತಿದ್ದ.

“ಏನು ಚೆಂದ? ಈಗ ಪ್ರತಿ ಗುಣೀಲೂ ಐದೈದು ಜನ ಕೂತವ್ರೆ. ಇನ್ನೊಂದು ಹಾಕು, ಮೂರು ಮನೇನೂ ಖಾಲಿ, ಆ ಕೊನೇಲಿ ಒಬ್ನೇ ನಿಂತಿರ್ತಾನೆ. ಅವನ್ನ ನೋಡೋಕೆ ನಂಗೆ ಗೆಣಸು ಬೇಕಾ? ದಿನಾ ಬೆಳಿಗ್ಗೆ ಮುಖ ತೊಳೆಯೋಕೆ ಬಗ್ಗಿದ್ರೆ ನೀರಲ್ಲಿ ಕಾಣ್ತಾನೆ. ನೀನು ಎಳನೀರು ಕುಡಿ, ಭಾವ.”