ಬರ್ರಿ, ಕುಂದರ್ರಿ

ದೆವ್ವ, ಗಾಳಿ, ಸೋಂಕು ಎಂದವರನ್ನು ಎದುರಿಗೇ ನಕ್ಕು ಕಳಿಸಿದವಳು ನಾನು. ನಮ್ಮ ಯಜಮಾನರಿಗೆ ಲಕ್ವಾ ಹೊಡೆದಾಗ ಕುರುಗೋಡಿನಿಂದ ನನ್ನ ತವರಿನವರು ತಾಯಿತ ತಂದರು. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬಿ.ಪಿ. ಮಾತ್ರೆಯನ್ನು ಅವರ ಬಾಯಿಗೆ ಹಾಕಿದೆ. ಇವತ್ತಿಗೂ ನಾನು ಅದೇ ಹೆಂಗಸು. ಆದರೂ ಹೋದ ಬೇಸಿಗೆಯ ಒಂದು ಮಧ್ಯಾಹ್ನದ ವಿಷಯ ನಿಮಗೆ ಹೇಳಲೇಬೇಕು. ಯಾರಿಗೂ ಹೇಳದೆ ಇಟ್ಟುಕೊಂಡರೆ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಯಜಮಾನರದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೀರೆ ಅಂಗಡಿ. ನಾಲ್ಕು ವರ್ಷದ ಹಿಂದೆ ಗಿರಾಕಿಯ ಮುಂದೆ ಸೀರೆ ಬಿಚ್ಚಿ ಹಾಸುತ್ತಲೇ ಕುಸಿದರು. ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ಹೋಯಿತು. ಉಳಿದದ್ದು ಒಂದೇ ಒಂದು ಮಾತು, 'ಬರ್ರಿ'. ನೀರು ಬೇಕಾದರೂ ಬರ್ರಿ, ಸಿಟ್ಟು ಬಂದರೂ ಬರ್ರಿ. ಜೀವಮಾನವೆಲ್ಲ ಗಿರಾಕಿಗಳನ್ನು ಕರೆದ ಮಾತು ನಾಲಿಗೆಗೆ ಅಂಟಿಕೊಂಡಿದೆ ಎಂದರು ಡಾಕ್ಟರು.

"ಹಿಂಗ ನೋಡ್ಕೊಂಡ್ರ ಇನ್ನೂ ಎಷ್ಟೋ ವರ್ಷ ಇರ್ತಾರಮ್ಮ. ಮಾತೂ ಒಂದೊಂದಾಗಿ ಬರಬಹುದು. ಆದ್ರ ಲಕ್ವಾ ಮಾತ್ರ ಎರಡನೇದು ಬರಬಾರದು, ನೋಡ್ರಿ."

ಆ 'ಎರಡನೇದು' ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಡುಗೆಗೆ ಉಪ್ಪು ಕಡಿಮೆಯಾಯಿತು, ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು. ಕಂಟೋನ್ಮೆಂಟಿನ ನಮ್ಮ ಮನೆಯ ಗೇಟು ಕಿರ್ರೆಂದರೆ ಸಾಕು, ಅದೇ ಬಂತೇನೋ ಎನಿಸುತ್ತಿತ್ತು. ಹೊರಗೆ ಮಾತ್ರ ತೋರಿಸಿಕೊಳ್ಳುತ್ತಿರಲಿಲ್ಲ. ಅವರು ಬರ್ರಿ ಅಂದಾಗಲೆಲ್ಲ, "ಯಾರನ್ನ ಕರೀತೀರಿ ಮಾರಾಯ್ರ? ನಾ ಇಲ್ಲೇ ಅದೀನಿ!" ಎಂದು ಕಾಡಿಸುತ್ತಿದ್ದೆ. ಅರ್ಧ ಬಾಯಲ್ಲಿ ನಗುತ್ತಿದ್ದರು. ಆ ಅರ್ಧ ನಗು ನನಗೆ ಸಾಕಾಗಿತ್ತು.

ಅವತ್ತು ಅಮಾವಾಸ್ಯೆಯಲ್ಲ, ಸರಿರಾತ್ರಿಯಲ್ಲ. ಮಟಮಟ ಮಧ್ಯಾಹ್ನ. ನಮ್ಮೂರ ಬಿಸಿಲು ಗೊತ್ತಲ್ಲ, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮುಂಬಾಗಿಲ ಚಿಲಕ ಹಾಕಿ, ಮಂಚದ ಕಾಲುಗಡೆ ಕೂತು, ಅವರ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದೆ.

"ಬರ್ರಿ" ಅಂದರು.

ನನಗಲ್ಲ. ಬಾಗಿಲಿಗೆ. ತೊದಲಿಲ್ಲ, ಅಂಗಡಿಯ ಕಾಲದ ಅದೇ ತುಂಬಿದ ದನಿ. ತಿರುಗಿ ನೋಡಿದೆ. ಚಿಲಕ ಹಾಕಿದ ಹಾಗೇ ಇತ್ತು.

"ಯಾರ್ ಬಂದ್ರು ರೀ?" ಎನ್ನುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ಕಾಲು ಅಲುಗಿತು. ಫಿಸಿಯೋಥೆರಪಿಯವನು ವರ್ಷಗಟ್ಟಲೆ ಒದ್ದಾಡಿದರೂ ಹೆಬ್ಬೆರಳು ಆಡಿಸದ ಕಾಲು ಅದು. ಮೊಣಕಾಲು ಮಡಚಿ ತಾನಾಗಿ ಪಕ್ಕಕ್ಕೆ ಸರಿಯಿತು. ಬಂದವರಿಗೆ ಜಾಗ ಬಿಡುತ್ತೇವಲ್ಲ, ಹಾಗೆ. ಎಡಗೈಯಿಂದ ಹಾಸಿಗೆಯ ಅಂಚನ್ನು ಒಮ್ಮೆ ಕೊಡವಿದರು.

"ಕುಂದರ್ರಿ."

ನಾಲ್ಕು ವರ್ಷದಲ್ಲಿ ಎರಡನೇ ಮಾತು! ಶಿವನೇ, ನಾನು ಕುಣಿದಾಡಬೇಕಿತ್ತು. ಆದರೆ ಮಂಚ ಬಿಟ್ಟು ಎದ್ದು ನಿಂತೆ. ಕೂತವರ ಮುಖ ಎಷ್ಟು ಎತ್ತರದಲ್ಲಿರುತ್ತದೋ ಅಲ್ಲಿಗೆ ಕಣ್ಣಿಟ್ಟು ಅವರು ಆಗಾಗ ಹೂಂಗುಟ್ಟಿದಂತೆ ತಲೆಯಾಡಿಸುತ್ತಿದ್ದರು. ಆ ಜಾಗಕ್ಕೆ ಕೈಚಾಚಿ ನೋಡುವ ಧೈರ್ಯ ನನಗೆ ಬರಲಿಲ್ಲ. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಸಿರುಗುಪ್ಪದಲ್ಲಿರುವ ಮಗಳು ಸುದ್ದಿ ಕೇಳಿ ಮರುದಿನವೇ ಪೇಡೆ ಹಿಡಿದು ಬಂದಳು. "ಅವ್ವಾ, ಅಪ್ಪಗ ಮಾತು ಬರಾಕ ಹತ್ತೈತಿ! ನೀ ಯಾಕ ಮಾರಿ ಸಪ್ಪಗ ಮಾಡ್ಕೊಂಡಿ?"

ಡಾಕ್ಟರೂ ಒಳ್ಳೆಯ ಲಕ್ಷಣ ಎಂದರು. ಕಾಲು ಎತ್ತಿ ನೋಡಿದರು, ಬಡಿದು ನೋಡಿದರು. ಮೊದಲಿನಂತೆ ಕೊರಡು. ಕನಸು ಕಂಡಿರಬೇಕು ಎಂದು ನನ್ನನ್ನೇ ನೋಡಿ ನಕ್ಕರು. ನಕ್ಕರೆ ನಗಲಿ, ನಾನೂ ಎಷ್ಟು ಜನರಿಗೆ ನಕ್ಕಿಲ್ಲ?

ಆವತ್ತಿನಿಂದ ಮಂಚದ ಆ ಅಂಚಿನಲ್ಲಿ ಅವರು ಯಾರನ್ನೂ ಕೂರಗೊಡುವುದಿಲ್ಲ. ನಾನು ಹೋದರೂ ಎಡಗೈ ಅಡ್ಡ ತರುತ್ತಾರೆ. ಆರೋಗ್ಯವೇನೋ ಚೆನ್ನಾಗಿಯೇ ಇದೆ, ಬಿ.ಪಿ. ಹತೋಟಿಯಲ್ಲಿದೆ. ಇದೆಲ್ಲ ಏನು ಎಂದು ನನಗೆ ಇನ್ನೂ ತಿಳಿದಿಲ್ಲ.

ಒಂದು ಮಾತ್ರ ಗೊತ್ತು. ಮನೆಗೆ ಬಂದವರನ್ನು ಅವರು ಯಾವತ್ತೂ ಬಾಗಿಲಲ್ಲೇ ನಿಂತು ಕಳಿಸಿದವರಲ್ಲ. ಬರ್ರಿ, ಕುಂದರ್ರಿ ಎಲ್ಲ ಮುಗಿದು ಬಂದವರು ಎದ್ದರೆ, ತಾವೂ ಚಪ್ಪಲಿ ಮೆಟ್ಟಿ, "ನಡೀರಿ, ನಾನೂ ಬರ್ತೀನಿ" ಎಂದು ಬಸ್ ಸ್ಟ್ಯಾಂಡಿನ ತನಕ ಹೋಗುತ್ತಿದ್ದರು.

ಮಗಳು ಮೂರನೇ ಮಾತಿಗಾಗಿ ದೇವರಿಗೆ ಹರಕೆ ಹೊತ್ತಿದ್ದಾಳೆ. ನಾನು ಅವರ ಚಪ್ಪಲಿಗಳನ್ನು ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿಯ ಹಿಂದೆ ಬಚ್ಚಿಟ್ಟಿದ್ದೇನೆ.