ಚುಕ್ಕೆ ದೀಪದ ಕಡೆಗೆ

ಶಾಲೆಯ ಆ ಸಿಪಾಯಿ ನನ್ನನ್ನು ಮೊದಲೇ ಎಚ್ಚರಿಸಿದ್ದನೋ ಇಲ್ಲವೋ ಎಂಬುದು ನನಗೆ ಬಹುಕಾಲ ಖಚಿತವಿರಲಿಲ್ಲ. ಎಚ್ಚರಿಸಿದ್ದ ಎಂದು ಕೆಲವು ವರ್ಷ ನಂಬಿದ್ದೆ. ಅದು ನನ್ನ ಅಳುಕು ಆಮೇಲೆ ಕಟ್ಟಿಕೊಂಡ ಕಥೆ ಎಂದು ಮತ್ತೆ ಕೆಲವು ವರ್ಷ ನಂಬಿದೆ. ಎರಡಕ್ಕೂ ನನ್ನ ಬಳಿ ಗಟ್ಟಿಯಾದ ವಾದಗಳಿದ್ದವು. ಪುಣೆಯಲ್ಲಿ ಎಂ.ಎ. ಓದಿಸಿ ನನಗೆ ಕಲಿಸಿದ್ದು ಮುಖ್ಯವಾಗಿ ಅದನ್ನೇ.

ಐವತ್ತರ ದಶಕದ ಮಧ್ಯಭಾಗ. ಜತ್ತ ತಾಲೂಕಿನಲ್ಲಿ, ಸಂಖದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹಂಗಾಮಿ ಮಾಸ್ತರನಾಗಿದ್ದೆ. ನಮ್ಮ ಜಿಲ್ಲೆಗೆ ಆಗ ದಕ್ಷಿಣ ಸಾತಾರಾ ಎಂದು ಹೆಸರು. ಮಕ್ಕಳು ಮಾತಾಡುವುದು ಕನ್ನಡ, ಸುತ್ತೋಲೆ ಬರುವುದು ಮರಾಠಿಯಲ್ಲಿ, ನನ್ನ ಅರ್ಥಶಾಸ್ತ್ರ ಇದ್ದದ್ದು ಇಂಗ್ಲಿಷಿನಲ್ಲಿ. ಮೂರೂ ಒಂದನ್ನೊಂದು ಮುಟ್ಟದಂತೆ ಶಾಲೆ ಚೆನ್ನಾಗಿ ನಡೆಯುತ್ತಿತ್ತು.

ಹೀಗಿರುವಾಗ ದೃಶ್ಯ ಶಿಕ್ಷಣದ ಸುತ್ತೋಲೆ ಬಂತು. ಕಣ್ಣಾರೆ ಕಂಡದ್ದನ್ನು ವಿದ್ಯಾರ್ಥಿ ಮರೆಯುವುದಿಲ್ಲ, ಆದ್ದರಿಂದ ಎಲ್ಲ ವಿಷಯಗಳನ್ನೂ ಗಾಜಿನ ಸ್ಲೈಡುಗಳಿಂದ ಕಲಿಸತಕ್ಕದ್ದು ಎಂಬುದು ಅದರ ಸಾರ. ಅದನ್ನು ಬರೆದವರಿಗೆ ನನ್ನ ಪರಿಚಯವಿರಲಿಲ್ಲ. ಸುತ್ತೋಲೆಯ ಹಿಂದೆಯೇ ಬಸ್ಸಿನ ನೆತ್ತಿಯ ಮೇಲೆ, ಗಾಜಿನ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಗೆ ಬೀಳಿಸುವ ಒಂದು ಮ್ಯಾಜಿಕ್ ಲ್ಯಾಂಟರ್ನ್ ಬಂತು, ಜೊತೆಗೆ ಒಂದು ಪೆಟ್ಟಿಗೆ ಸ್ಲೈಡು. ಭೂಗೋಳಕ್ಕೆ ಜ್ವಾಲಾಮುಖಿ, ವಿಜ್ಞಾನಕ್ಕೆ ಮನುಷ್ಯನ ಜಠರ, ಕೃಷಿಗೆ ಇಂಗ್ಲೆಂಡಿನ ದಪ್ಪ ಆಕಳು. ಜ್ವಾಲಾಮುಖಿಯ ವಿಷಯದಲ್ಲಿ ನಮ್ಮ ಸೀಮೆಯ ಜನ ಅಂದಿನಿಂದ ಬಹಳ ಜಾಗರೂಕರಾದರು. ಅರ್ಥಶಾಸ್ತ್ರಕ್ಕೆ ಮಾತ್ರ ಏನೂ ಇರಲಿಲ್ಲ.

ತಪಾಸಣೆಯ ಸಾಹೇಬರು ಬರುವವರಿದ್ದರು. ನನ್ನ ಲ್ಯಾಂಟರ್ನ್ ಪಾಠ ನೋಡಿ ಅವರು ಒಳ್ಳೆಯ ಶೆರಾ ಬರೆದರೆ ನಾನು ಕಾಯಂ, ಇಲ್ಲವಾದರೆ ಬೇಸಿಗೆಯ ರಜೆಗೆ ಹಾಸಿಗೆ ಸುತ್ತಿಕೊಂಡು ಹೊರಡಬೇಕು. ಎರಡು ಶಾಲೆಗಳಲ್ಲಿ ಹೆಡ್‌ಮಾಸ್ತರರೊಡನೆ ವಾದ ಮಾಡಿ, ಎರಡರಲ್ಲೂ ಗೆದ್ದು, ಎರಡನ್ನೂ ಕಳೆದುಕೊಂಡು ಬಂದಿದ್ದೆ. ಮೂರನೆಯದರಲ್ಲಿ ಸೋಲಲು ಸಿದ್ಧನಾಗಿದ್ದೆ.

ಹಾಗಾಗಿ ಸ್ಲೈಡನ್ನು ನಾನೇ ತಯಾರಿಸಿದೆ. ಚೌಕ ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಿಂದ ಬೇಡಿಕೆಯ ರೇಖೆ ಗೀರಿ, ಮೇಲೆ ಇನ್ನೊಂದು ಗಾಜು ಇಟ್ಟು, ಅಂಚಿಗೆ ಕಪ್ಪು ಕಾಗದ ಅಂಟಿಸಿದೆ. ಅಕ್ಷರ ಗೀರಿದರೆ ಮಸಿ ಉದುರುತ್ತಿತ್ತು, ಅದಕ್ಕೇ ಒಳಗೆ ಒಂದೇ ಒಂದು ಓರೆ ಗೆರೆ. ಎಡ ಅಂಚೇ ಬೆಲೆ, ಕೆಳ ಅಂಚೇ ಕೊಳ್ಳುವ ಪ್ರಮಾಣ. ಬೆಲೆ ಏರಿದಂತೆ ಕೊಳ್ಳುವುದು ಕಡಿಮೆ, ಆದ್ದರಿಂದ ಗೆರೆ ಎಡಗಡೆಯ ಮೇಲಿನಿಂದ ಬಲಗಡೆಯ ಕೆಳಕ್ಕೆ ಇಳಿಯಬೇಕು. ಇಡೀ ಪಾಠವೇ ಅಷ್ಟು.

ಲ್ಯಾಂಟರ್ನ್ ನಮ್ಮಲ್ಲಿ ಒಬ್ಬನಿಗೇ ಒಲಿದಿತ್ತು, ಶಾಲೆಯ ಸಿಪಾಯಿಗೆ, ಅಂದರೆ ಜವಾನನಿಗೆ. ಐವತ್ತು ದಾಟಿದ, ಕುರಿ ಕಾಯುವ ಮನೆತನದ ಮನುಷ್ಯ. ಅಕ್ಷರ ಬಾರದು, ಆದರೆ ಬತ್ತಿ ಎಷ್ಟು ಏರಿಸಬೇಕೆಂದು ಕೈಗೆ ಗೊತ್ತು. ಪ್ರತಿ ಸ್ಲೈಡಿನ ಅಂಚಿನಲ್ಲೂ ಒಂದು ಕೆಂಪು ಚುಕ್ಕೆ ಇರುತ್ತದೆ. ಚುಕ್ಕೆಯಿರುವ ಮುಖ ದೀಪದ ಕಡೆಗೆ ಬರಬೇಕು, ಇಲ್ಲವಾದರೆ ಚಿತ್ರದ ಎಡಬಲ ಅದಲುಬದಲಾಗುತ್ತದೆ. ಈ ಒಂದು ನಿಯಮವನ್ನು ಅವನು ಕಾಯಿದೆಯಂತೆ ಪಾಲಿಸುತ್ತಿದ್ದ. ಯಳವಿ, ಬಾಲಗಾಂವದ ಶಾಲೆಗಳಿಗೂ ಲ್ಯಾಂಟರ್ನ್ ಒಯ್ದು ತೋರಿಸುವ ಕನಸಿತ್ತು ಅವನಿಗೆ. ನನ್ನ ಗಾಜಿನ ಅಂಚಿಗೆ ನಾನೂ ಒಂದು ಕೆಂಪು ಚುಕ್ಕೆ ಅಂಟಿಸಿ, ‘ಬೇಡಿಕೆ’ ಎಂದು ಬರೆದ ಚೀಟಿ ಹಚ್ಚಿ ಅವನ ಕೈಗಿಟ್ಟೆ.

ಗಾಜಿಗೆ ಕಾಚು ಎನ್ನುತ್ತಿದ್ದ ಅವನು ಅದನ್ನು ಹೊರಳಿಸಿ ನೋಡಿ, “ಮಾಸ್ತರ, ಪೆಟಿಗ್ಯಾಗಿನ ಕಾಚಿಗಿ ಬರವಣಗಿ, ಚುಕ್ಕಿ ಎರಡೂ ಒಂದ ಮಾರಿಗಿ ಇರ್ತಾವ್ರಿ. ಇದಕ ಒಂದ ಆ ಕಡಿ, ಒಂದ ಈ ಕಡಿ ಅದಾವಲ್ಲ?” ಎಂದ.

“ಓದಾಕ ಬರಲಾರದಂವಗ ಬರವಣಗಿ ಉಸಾಬರಿ ಯಾಕ? ಚುಕ್ಕಿ ನೋಡು, ಸಾಕು,” ಎಂದೆ.

ಅಥವಾ ಇಬ್ಬರೂ ಏನೂ ಅನ್ನಲಿಲ್ಲ. ನನಗೆ ಖಚಿತವಿರದ ಭಾಗ ಇದೇ. ಉತ್ತರವಂತೂ ನನ್ನದೇ ಧಾಟಿಯಲ್ಲಿದೆ. ಆದರೆ ಆ ಧಾಟಿಯಲ್ಲಿ ಸುಳ್ಳು ಕಟ್ಟಲು ನನಗಿಂತ ಸಮರ್ಥರು ಯಾರಿದ್ದಾರೆ?

ಪಾಠದ ದಿನ ಕೋಣೆ ಕತ್ತಲಾಗಬೇಕಿತ್ತು. ಕುರುಬರ ಮನೆಗಳಿಂದ ಕಂಬಳಿ ತಂದು ಕಿಟಕಿಗಳಿಗೆ ಕಟ್ಟಿದೆವು. ಕಂಬಳಿಗಳ ಒಡೆಯರು ಕಂಬಳಿ ಕಾಯಲೆಂದು ತಾವೂ ಬಂದು ಹಿಂದೆ ಕುಳಿತರು. ದೃಶ್ಯ ಶಿಕ್ಷಣಕ್ಕೆ ಕುರಿಯ ವಾಸನೆ ಸೇರಿತು. ಸಾಹೇಬರು ಕರವಸ್ತ್ರ ತೆಗೆದರು.

ಗೋಡೆಯ ಮೇಲೆ ಗೆರೆ ಮೂಡಿತು. ಇಳಿಯಬೇಕಾದ ಗೆರೆ ಏರುತ್ತಿತ್ತು. ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು. ಆದರೆ ಕಂಡದ್ದಕ್ಕೆ ಕಾರಣ ಹೇಳುವುದರಲ್ಲೇ ನಾನು ಪದವಿ ಪಡೆದವನು. ಬೆಲೆ ಏರಿದಷ್ಟೂ ಜನ ಹೆಚ್ಚು ಕೊಳ್ಳುತ್ತಾರೆ, ಏಕೆಂದರೆ ನಾಳೆ ಇನ್ನೂ ಏರೀತೆಂಬ ಭಯ. ಜೊತೆಗೆ ದುಬಾರಿಯದನ್ನು ಕೊಳ್ಳುವ ಪ್ರತಿಷ್ಠೆ, ಎಂದು ಕೋಲಿನಿಂದ ಗೆರೆ ತೋರಿಸುತ್ತ ವಿವರಿಸಿದೆ. ಮೂಲತಃ ಚಿತ್ರಕಲೆಯ ಶಿಕ್ಷಕರಾಗಿದ್ದ ಸಾಹೇಬರು ತಲೆದೂಗಿ ಬರೆದುಕೊಂಡರು.

ಹಿಂದಿನಿಂದ ಒಬ್ಬ ಕಂಬಳಿಯವನು ಕೆಮ್ಮಿದ. “ಮಾಸ್ತರ, ಒಂದ ಕೇಳಲೇನ್ರಿ? ಕುರಿ ಕಿಂಮತ್ತ ಏರಿಸಿದಂಗ ಗಿರಾಕಿ ಹೆಚ್ಚ ಬರ್ತಾರಂತೀರೇನು?”

“ಶಾಸ್ತ್ರದ ಪ್ರಕಾರ ಹೌದು.”

“ಈ ಶಾಸ್ತ್ರ ಯಾವ ಬಜಾರದಾಗ ನಡೀತೈತಿ ಹೇಳ್ರಿ. ನಾಳಿನ ಹಿಂಡ ಹೊಡಕೊಂಡ ಹೋಗ್ತೀನಿ.”

ಪಕ್ಕದವನು, “ಜತ್ತ ಬಜಾರದಾಗಂತೂ ಅಲ್ಲ ಬಿಡು. ಅಲ್ಲಿ ಎಂಟಾಣೆ ಏರಿಸಿದ್ರ ಸ್ವಂತ ಬೀಗನೂ ಗುರ್ತ ಹಿಡಿಯಂಗಿಲ್ಲ,” ಎಂದ.

ಹುಡುಗರು ನಕ್ಕರು. ಸಾಹೇಬರ ಪೆನ್ನು ನಿಂತಿತು. “ಮಾಸ್ತರ, ಅವರು ಹೇಳೋದು ಬರೋಬರ ಅದ. ನಿಮ್ಮ ರೇಷೆ ಉಲ್ಟಾ ಅದ ಏನು?”

ಆ ಪೆನ್ನಿನ ತುದಿಯಲ್ಲಿ ನನ್ನ ಕಾಯಂ ನೌಕರಿ ನಿಂತಿತ್ತು. “ಸಿಪಾಯಿ ಕಾಚು ತಿರುವಿ ಹಾಕ್ಯಾನ್ರಿ, ಸಾಹೇಬ್ರ,” ಎಂದೆ. ಆ ಕ್ಷಣ ಅದನ್ನು ನಂಬಿಯೇ ಹೇಳಿದೆ ಎಂದು ನನ್ನ ನೆನಪು. ತೀರಾ ಅನುಕೂಲದ ನೆನಪು ಅದು.

“ಚುಕ್ಕಿ ದೀಪದ ಕಡೀನ ಐತ್ರಿ,” ಎಂದಿತು ಲ್ಯಾಂಟರ್ನಿನ ಹಿಂದಿನ ದನಿ.

“ವಾದ ಬ್ಯಾಡ. ತಿರುವಿ ಹಾಕು.”

ತಿರುವಿದ. ಗೆರೆ ಇಳಿಯಿತು. ಏರುವ ಗೆರೆಗೆ ಕೊಟ್ಟಷ್ಟೇ ವಿಶ್ವಾಸದಿಂದ ಇಳಿಯುವ ಗೆರೆಗೂ ಕಾರಣ ಕೊಟ್ಟೆ. “ಈಗ ಖರೇ ಅನಸ್ತೈತಿ ನೋಡ್ರಿ,” ಎಂದ ಕಂಬಳಿಯವನು. ಸಾಹೇಬರಿಗೂ ಹಾಗೆಯೇ ಅನಿಸಿರಬೇಕು. ಮಾಸ್ತರರು ಯೋಗ್ಯರು, ಕಾಯಂ ಮಾಡಲಡ್ಡಿಯಿಲ್ಲ. ಆದರೆ ಅನಕ್ಷರಸ್ಥ ಸಿಪಾಯಿಯ ಕೈಗೆ ಲ್ಯಾಂಟರ್ನ್ ಕೊಡಕೂಡದು, ಎಂದು ಶೆರಾ ಬರೆದರು.

ಮರುದಿನ ಸಿಪಾಯಿ ಪೆಟ್ಟಿಗೆಯ ಕೀಲಿ ನನ್ನ ಮೇಜಿನ ಮೇಲಿಟ್ಟ. “ತಗೋರಿ. ಬತ್ತಿ ಭಾಳ ಏರಿಸಬ್ಯಾಡ್ರಿ, ಭಿಂಗ ಸೀಳತೈತಿ,” ಎಂದು ಹೇಳಿ ನೀರಿನ ಕೊಡ ಎತ್ತಿಕೊಂಡು ಹೋದ. ನಾನು ಬತ್ತಿಯನ್ನು ಭಾಳ ಏರಿಸಿದೆ. ತಿಂಗಳೊಳಗೆ ಭಿಂಗ, ಅಂದರೆ ಲ್ಯಾಂಟರ್ನಿನ ಮಸೂರ, ಸೀಳಿತು. ದೃಶ್ಯ ಶಿಕ್ಷಣ ಕಪಾಟು ಸೇರಿತು, ಅವನು ಕೊನೆಯವರೆಗೂ ನೀರು ಹೊತ್ತ. ಯಳವಿಯ ಮಕ್ಕಳು ಜ್ವಾಲಾಮುಖಿ ಕಾಣದೆಯೇ ದೊಡ್ಡವರಾದರು.

ನಿವೃತ್ತನಾದ ಮೇಲೆ ಯಾವುದೋ ದಾಖಲೆಗೆಂದು ಆ ಶಾಲೆಗೆ ಹೋದಾಗ ಕಪಾಟು ತೆಗೆಸಿದೆ. ಪೆಟ್ಟಿಗೆ ಅಲ್ಲೇ ಇತ್ತು, ಆಕಳು ಮತ್ತು ಜಠರದ ನಡುವೆ ನನ್ನ ಗಾಜೂ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಮುಖದಲ್ಲಿ ‘ಬೇಡಿಕೆ’ ಎಂಬ ಚೀಟಿ, ನನ್ನದೇ ಅಕ್ಷರ. ಚೀಟಿ ಓದುವಂತೆ ಹಿಡಿದರೆ ಗೆರೆ ಸರಿಯಾಗಿ ಇಳಿಯುತ್ತಿತ್ತು. ಆ ಮುಖದ ನಾಲ್ಕು ಮೂಲೆಗಳಲ್ಲೂ ಚುಕ್ಕೆ ಇರಲಿಲ್ಲ. ಗಾಜು ಹೊರಳಿಸಿದೆ. ಕೆಂಪು ಚುಕ್ಕೆ ಹಿಂದಿನ ಮುಖದಲ್ಲಿತ್ತು: ಒಂದು ಆ ಕಡೆ, ಒಂದು ಈ ಕಡೆ.