ಮೀಸಲಿನ ದಿನ ಅವಳು ಬೆರಳೆತ್ತಿ ತೋರಿಸಿದ್ದು

ಆ ದಿನ ನನ್ನ ಹೆಂಡತಿ ಬೆರಳೆತ್ತಿ ತೋರಿಸಿದ್ದು ತನ್ನ ತಲೆಯನ್ನೋ, ಮೇಲಿನ ಮಾಳಿಗೆಯನ್ನೋ ನನಗೆ ಖಚಿತವಿಲ್ಲ. ತಲೆಯನ್ನೇ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಆ ನೆನಪನ್ನು ಎಷ್ಟೋ ಸಲ ಹೊರತೆಗೆದು ತಿರುವಿ ನೋಡಿದ್ದೇನೆ. ಅದರಲ್ಲಿ ಅಂದು ಕಂಡದ್ದೆಷ್ಟು, ಆಮೇಲೆ ನಾನು ಸೇರಿಸಿದ್ದೆಷ್ಟು ಎಂದು ಬಿಡಿಸಲು ಈಗ ಬರುತ್ತಿಲ್ಲ. ಅಂಗಳದಲ್ಲಿ ನಾನು ಆಡಿದ ಮಾತಿನ ಕತೆಯೂ ಅಷ್ಟೇ. "ಅದು ಹಾರ್ಮೋನಿಂದು" ಎಂದಷ್ಟೇ ಹೇಳಿದೆ ಎನ್ನುತ್ತೇನೆ ನಾನು. "ಅವಳ ತಲೆ ಈಗ ಅವಳ ಕೈಯಾಗೆ ಇಲ್ಲ" ಎಂದಿರಿ ಎನ್ನುತ್ತಾಳೆ ಅವಳು.

ನಾನು ಓದಿದ್ದು ರಸಾಯನಶಾಸ್ತ್ರ. ಹೊಳಲ್ಕೆರೆಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ಪ್ರಯೋಗ ಮುಗಿದ ಮೇಲೆ ನೆನಪಿನಿಂದ ರೀಡಿಂಗ್ ಬರೆಯುವವರ ರೆಕಾರ್ಡಿಗೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆಯುತ್ತೇನೆ. ಈಗ ನಾನು ಬರೆಯುತ್ತಿರುವುದೂ ಅಂಥದ್ದೇ ರೆಕಾರ್ಡು.

ಶುರುವಾದದ್ದು ಒಂದು ಸೇಫ್ಟಿ ಪಿನ್ನಿನಿಂದ ಎಂದುಕೊಂಡಿದ್ದೇನೆ. ಅವಳಿಗೆ ಆಗ ನಲವತ್ತೇಳು ತುಂಬಿತ್ತು. ಹಿರೇಗುಂಟನೂರಿನ ಕಡೆಯ ಶಾಲೆಯಲ್ಲಿ ಟೀಚರು. ಚಿತ್ರದುರ್ಗದ ನಮ್ಮ ಮನೆಯಿಂದ ಎಂಟು ಗಂಟೆಗೆ ಬಸ್ಸಿಗೆ ಹೊರಡಬೇಕು. ಆ ಬೆಳಿಗ್ಗೆ ಸೆರಗಿಗೆ ಹಾಕುವ ಪಿನ್ನು ಸಿಗದೆ, ಅರ್ಧ ಉಟ್ಟ ಸೀರೆಯಲ್ಲೇ ಮಂಚದ ತುದಿಗೆ ಕೂತು ಅತ್ತುಬಿಟ್ಟಳು. ಬಿಕ್ಕಿ ಬಿಕ್ಕಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಹಾಗೆ ಅತ್ತದ್ದು ಅವರಪ್ಪ ತೀರಿಕೊಂಡಾಗ ಮಾತ್ರ. ನಾನು ನನ್ನ ಅಂಗಿಯ ಜೇಬಿನಲ್ಲಿದ್ದ ಪಿನ್ನು ತೆಗೆದುಕೊಟ್ಟೆ. ಅದನ್ನು ನೋಡಿ ಇನ್ನೂ ಜೋರಾಗಿ ಅತ್ತಳು. ಹತ್ತು ನಿಮಿಷಕ್ಕೆ, "ಏನ್ರಿ ನಂದು ಇದು, ಪಿನ್ನಿಗೆ ಅಳ್ತಾರೇನ್ರಿ ಯಾರಾದ್ರೂ?" ಎಂದು ತಾನೇ ನಕ್ಕು ಬಸ್ಸಿಗೆ ಓಡಿದಳು.

ಆಮೇಲೆ ಒಂದೊಂದಾಗಿ. ಬೆಳಗಿನ ಜಾವ ಹೊದಿಕೆ ಒದ್ದು ಎದ್ದು ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂರುವುದು. ಶಾಲೆಗೆ ಹೊರಡುವ ಮುಂಚೆ ಕುತ್ತಿಗೆಯ ಹಿಂದಕ್ಕೆ ಚೊಂಬುಗಟ್ಟಲೆ ನೀರು ಸುರಿದುಕೊಳ್ಳುವುದು. ಮುದ್ದೆ ಗಂಟಾಗಿದೆ ಎಂದೆನೆಂದು ಮುದ್ದೆ, ಪಾತ್ರೆ, ಕೋಲು ಎಲ್ಲವನ್ನೂ ಗೇಟಿನ ಹೊರಗೆ ಇಟ್ಟು ಬಂದದ್ದು. ಮುಟ್ಟು ಎರಡು ತಿಂಗಳು ಬರದೆ, ಮೂರನೆಯ ತಿಂಗಳು ಎರಡು ಸಲ ಬಂದದ್ದು. ಪೇಟೆಯ ಲೇಡಿ ಡಾಕ್ಟರು ರಕ್ತ, ಥೈರಾಯಿಡು ಎಲ್ಲ ನೋಡಿ, ಇದು ರೋಗವಲ್ಲ, ಮುಟ್ಟು ನಿಲ್ಲುವ ಮುಂಚಿನ ಏರಿಳಿತ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ, ತಡೆಯಲಾಗದಷ್ಟಾದರೆ ಬನ್ನಿ, ಔಷಧಿ ಇದೆ ಎಂದರು. ಹೊರಗೆ ಬಂದವಳು ಕೇಳಿದ್ದು ಒಂದೇ: "ವರ್ಷಗಟ್ಲೆ ಅಂದ್ರೆ ಎಷ್ಟು ವರ್ಷ ರೀ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನಗೆ ಸುಲಭವಾಗಿ ಬಾಯಿಗೆ ಬರುವ ಮಾತಲ್ಲ. ಓದಿ ಹೇಳುತ್ತೇನೆ ಎಂದೆ.

ಓದಿದೆ, ಬೇಕಾದ್ದಕ್ಕಿಂತ ಹೆಚ್ಚೇ. ಓದಿದ್ದು ಸಾಲದೆ ಒಂದು ಗ್ರಾಫ್ ಹಾಳೆ ತಂದು ಅಡ್ಡಕ್ಕೆ ತಾರೀಖು, ಉದ್ದಕ್ಕೆ ಅವಳ ಸಿಟ್ಟು ಬರೆದೆ. ಸೊನ್ನೆಯಿಂದ ಐದರವರೆಗೆ. ಸುಮ್ಮನಿದ್ದರೆ ಸೊನ್ನೆ, ಪಾತ್ರೆ ಹೊರಗೆ ಹೋದರೆ ಐದು. ಒಂದು ಕ್ರಮ ಕಂಡರೆ ಮೊದಲೇ ಎಚ್ಚರವಾಗಿರಬಹುದಲ್ಲ ಎಂಬ ಲೆಕ್ಕ. ಏಳು ವಾರ ಚುಕ್ಕೆ ಇಟ್ಟೆ. ಕ್ರಮ ಕಾಣಲಿಲ್ಲ. ಹಾಳೆ ಅವಳ ಕಣ್ಣಿಗೆ ಬಿತ್ತು.

"ನಾನೇನು ನಿಮ್ಮ ಲ್ಯಾಬಿನ ಬೀಕರೇನ್ರಿ?"

"ಹಂಗಲ್ಲ ಮಾರಾಯ್ತಿ, ನಿನ್ನ ಒಳ್ಳೇದಕ್ಕೆ..."

"ಒಳ್ಳೇದಕ್ಕೆ! ಸರಿ, ನಿಮ್ದೂ ಒಂದು ಗೆರೆ ಎಳೀರಿ. ಇಲ್ಲಿ ನೋಡ್ರಿ, ಹನ್ನೊಂದನೇ ತಾರೀಖು. ಬಸ್ಸು ತಪ್ತು ಅಂತ ಚಪ್ಪಲಿ ಎಸೆದ್ರಲ್ಲ, ಅದಕ್ಕೆಷ್ಟು? ಯಾವ ಹಾರ್ಮೋನು ಅದು?"

ಪೆನ್ನು ಕಿತ್ತುಕೊಂಡು ಹನ್ನೊಂದರ ಮೇಲೆ ನನ್ನ ಹೆಸರಿನಲ್ಲಿ ಐದು ಹಾಕಿದಳು. ಯೋಚಿಸಿ, ಆರು ಮಾಡಿದಳು. ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದಳು: "ನನಗೇ ಗೊತ್ತಾಗುತ್ತೆ ರೀ, ಎದ್ದ ತಕ್ಷಣ. ಒಳಗೆ ಏನೋ ಬಿಗಿ ಹಿಡಿದಂಗೆ ಇರ್ತೈತೆ. ಬಾಯಿಬಿಟ್ಟು ಹೇಳಾಕೆ ಬೇಜಾರು. ಅಂಥ ದಿನ ಆ ದಪ್ಪ ಲೋಟ ಫ್ರಿಜ್ಜಿನ ಮೇಲೆ ಬೋರಲು ಇಟ್ಟಿರ್ತೀನಿ. ನೋಡಿ ಸುಮ್ನಿರ್ರಿ. ಯಾಕೆ, ಏನು ಅಂತ ಕೇಳಬ್ಯಾಡ್ರಿ. ಅದಕ್ಕೆ ಗ್ರಾಫೂ ಬ್ಯಾಡ."

ನಾವು ಕಂಡುಕೊಂಡ ಉಪಾಯಗಳಲ್ಲಿ ಕೆಲಸ ಮಾಡಿದ್ದು ಆ ಲೋಟ ಒಂದೇ. ಬೋರಲು ಲೋಟದ ದಿನ ಟೀ ನಾನು ಮಾಡುತ್ತಿದ್ದೆ. ಅಂಗಡಿಯಿಂದ ಏನು ತರಲಿ ಎಂದೂ ಕೇಳುತ್ತಿರಲಿಲ್ಲ, ತೋಚಿದ್ದು ತರುತ್ತಿದ್ದೆ. ಸಂಜೆಯ ಹೊತ್ತಿಗೆ ಕೆಲವೊಮ್ಮೆ ಲೋಟ ನೆಟ್ಟಗಾಗಿರುತ್ತಿತ್ತು. ಅದರಲ್ಲಿ ಅವಳು ಮಜ್ಜಿಗೆ ಕುಡಿಯುತ್ತಿದ್ದಳು. ಗೋಡೆಗೊರಗಿ, ಒಳಗೆ ಏನಾಗುತ್ತದೆ ಎಂದು ತಾನಾಗಿಯೇ ಹೇಳುತ್ತಿದ್ದಳು. ಎದೆಯಿಂದ ಹೊರಟು ಕಿವಿಯವರೆಗೆ ಏರುವ ಝಳ, ಪಾಠದ ನಡುವೆ ಮರೆತುಹೋಗುವ ಮಾತು, ಮಕ್ಕಳ ಮೇಲೆ ರೇಗಿದ್ದಕ್ಕೆ ಸಂಕಟ. ಮದುವೆಯಾದಾಗಿನಿಂದ ಅವಳು ತನ್ನ ಮೈಯ ಬಗ್ಗೆ ನನ್ನೊಂದಿಗೆ ಅಷ್ಟು ಮಾತಾಡಿರಲಿಲ್ಲ.

ಮೀಸಲಿನ ದಿನದ ನಂತರ ನಾನು ಕಳೆದುಕೊಂಡದ್ದು ಇದನ್ನೇ.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಿಂದ ಇನ್ನೂ ಒಳಕ್ಕೆ. ಅಲ್ಲಿ ಅವ್ವ, ತಮ್ಮನ ಸಂಸಾರ. ಶ್ರಾವಣದಲ್ಲಿ ಒಂದು ದಿನ ಮನೆದೇವರಿಗೆ ಮೀಸಲು ಬೇಯಿಸುತ್ತಾರೆ. ಹೊಸ ಮಡಕೆಯಲ್ಲಿ ಅನ್ನ, ಬೆಲ್ಲ, ಅಷ್ಟೇ. ಆದರೆ ಬೇಯಿಸುವವಳು ಮುಟ್ಟು ನಿಂತ ಹೆಂಗಸೇ ಆಗಬೇಕು. ಹಳೆಯ ಅಡುಗೆಮನೆಯಲ್ಲಿ ಸೌದೆ ಒಲೆಯ ಮೇಲೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೇಯಿಸಬೇಕು. ಮಡಕೆ ದೇವರ ಮುಂದೆ ಇಳಿಯುವ ತನಕ ಒಂದು ಮಾತೂ ಆಡಬಾರದು, ಬೇರೆ ಯಾರೂ ಒಳಗೆ ಕಾಲಿಡಬಾರದು. ಅವ್ವನ ಮಂಡಿ ಕೈಕೊಟ್ಟಿತ್ತು. ತಮ್ಮನ ಹೆಂಡತಿ ಇನ್ನೂ ಚಿಕ್ಕವಳು. ಹಾಗಾಗಿ ವರ್ಷದಿಂದ ಅವ್ವ ಫೋನಿನಲ್ಲಿ ಸೊಸೆಯನ್ನು ಕೇಳುತ್ತಲೇ ಇದ್ದಳು: "ಏನವ್ವ, ನಿಂತೈತೋ ಇನ್ನೂ ಐತೋ?"

"ಸರ್ಕಾರಿ ಬಸ್ಸು ಕೇಳ್ದಂಗೆ ಕೇಳ್ತಾರೆ ನಿಮ್ಮವ್ವ" ಎಂದು ಇವಳು ಫೋನಿಟ್ಟು ಗೊಣಗುತ್ತಿದ್ದಳು.

ಎಂಟು ತಿಂಗಳು ಬರದೇ ಇದ್ದಾಗ ಅವ್ವ ತಾನೇ ತೀರ್ಮಾನಿಸಿದಳು, ಈ ಶ್ರಾವಣ ಹಿರೇಸೊಸೆಯದು. ಇವಳು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ನನಗಂತೂ ಇಂಥದ್ದರಲ್ಲಿ ನಂಬಿಕೆಯಿಲ್ಲ. ಅವಳು ಒಪ್ಪಿದಳು. "ಎರಡು ತಾಸು ಯಾರೂ ನನ್ನ ಮಾತಾಡಸಂಗಿಲ್ಲ, ನಾನೂ ಯಾರಿಗೂ ಉತ್ತರ ಕೊಡಂಗಿಲ್ಲ. ಇದಕ್ಕಿಂತ ಇನ್ನೇನು ಬೇಕು ರೀ ನನಗೆ?"

ಆ ದಿನ ಅಂಗಳದಲ್ಲಿ ಅವ್ವ, ತಮ್ಮ, ಅವನ ಹೆಂಡತಿ, ಪಕ್ಕದ ಮನೆಯ ಮೂರು ನಾಲ್ಕು ಹೆಂಗಸರು ಇದ್ದರು. ಹೆಂಗಸರು ಹೂ ಕಟ್ಟುತ್ತಿದ್ದರು. ಒಳಗೆ ಒಲೆ ಹೊತ್ತಿಸಿ ಅರ್ಧ ಗಂಟೆಯಾಗಿರಬಹುದು. ಇವಳು ಅಡುಗೆಮನೆಯ ಬಾಗಿಲಿಗೆ ಬಂದಳು. ಬಾಯಿಗೆ ಬಟ್ಟೆ, ಕಣ್ಣು ಕೆಂಪು, ಮುಖವೆಲ್ಲ ಬೆವರು. ಎದೆ ತಟ್ಟಿಕೊಂಡಳು, ಕೈ ಬೀಸಿದಳು, ಬೆರಳು ಮೇಲೆತ್ತಿದಳು. ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ.

"ಏನಂತೆ ಅದು? ಯಾಕವ್ವ?" ಎಂದಳು ಅವ್ವ.

ಉತ್ತರ ಕೊಟ್ಟದ್ದು ನಾನು. ನಾನು ಅಷ್ಟೆಲ್ಲ ಓದಿದ್ದೆ. ಬೆವರು, ಕೆಂಪು, ಉಸಿರಿನ ಬಿಗಿ, ಪುಸ್ತಕದಲ್ಲಿದ್ದ ಒಂದೊಂದು ಲಕ್ಷಣವೂ ಬಾಗಿಲಲ್ಲಿ ನಿಂತಿತ್ತು. ಗಾಬರಿಯಾಗಬೇಡಿ, ಈ ವಯಸ್ಸಿನಲ್ಲಿ ಹೀಗೆ ಬಿಸಿ ಏರುತ್ತದೆ, ಸಿಟ್ಟೂ ಬರುತ್ತದೆ, ಐದು ನಿಮಿಷದಲ್ಲಿ ಇಳಿಯುತ್ತದೆ ಎಂದು ಪಾಠ ಮಾಡಿದೆ. ಆ ಪಾಠದ ಯಾವುದೋ ಒಂದು ವಾಕ್ಯಕ್ಕೆ ಹೆಂಗಸರು ನಕ್ಕರು. ಯಾವ ವಾಕ್ಯ ಎಂಬುದೇ ಪ್ರಶ್ನೆ. ಪಕ್ಕದ ಮನೆಯ ಅಜ್ಜಿ, "ನಮ್ಗೂ ಆಗಿತ್ತು ಕಣಪ್ಪ, ನಮ್ಗೆ ಹೇಳಾಕೆ ಮೇಷ್ಟ್ರು ಗಂಡ ಇರಲಿಲ್ಲ ನೋಡು" ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಇವಳು ಒಂದು ಕ್ಷಣ ನನ್ನನ್ನು ನೋಡಿದಳು. ಬಾಯಿಯ ಬಟ್ಟೆ ಬಿಚ್ಚಿದಳು.

"ನೀವೇ ಬೇಯಿಸ್ಕಳ್ರಿ. ನಿಮ್ಮ ಹಾರ್ಮೋನಿನ ಬೆಂಕೀಲೇ ಬೇಯ್ಲಿ."

ಮಾತಾಡಿದ ಮೇಲೆ ಮೀಸಲು ಕೆಟ್ಟಿತು. ಅವ್ವ ತಲೆ ಮೇಲೆ ಕೈಹೊತ್ತು ಕೂತಳು. ಇವಳು ಬ್ಯಾಗು ತಗೊಂಡು ರಸ್ತೆಗೆ ನಡೆದಳು. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಅವಳಿಗೆ ಶ್ರೀರಾಂಪುರಕ್ಕೆ ಹೋಗುವ ಆಟೋ ಸಿಕ್ಕಿತು. ಅಲ್ಲಿಂದ ಹೊಸದುರ್ಗ, ಹಿರಿಯೂರು ದಾಟಿ ಧರ್ಮಪುರದಲ್ಲಿರುವ ತನ್ನ ಅಕ್ಕನ ಮನೆ ಸೇರಿದಳು ಎಂದು ಸಂಜೆ ಅವರ ಫೋನು ಬಂದ ಮೇಲೆಯೇ ನನಗೆ ಗೊತ್ತಾದದ್ದು.

"ನಂಗೂ ಹಿಂಗೇ ಆಗ್ತಿತ್ತಪ್ಪ," ಎಂದರು ಅಕ್ಕ. "ನಮ್ಮ ಯಜಮಾನ್ರು ಎದ್ದು ಶೇಂಗಾ ಹೊಲಕ್ಕೆ ಹೋಗಿಬಿಡೋರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ, ಅದೇ ಒಳ್ಳೇದಾತು. ನೀನು ಓದಿದೋನು, ಹೇಳದೆ ಇರಾಕೆ ಆಗಲ್ಲ ನಿಂಗೆ."

ನಾಲ್ಕು ದಿನಕ್ಕೆ ವಾಪಸು ಬಂದಳು. ಶಾಲೆ, ಅಡುಗೆ, ಬಸ್ಸು ಎಲ್ಲ ಮೊದಲಿನಂತೆ. ಲೋಟ ಮಾತ್ರ ಫ್ರಿಜ್ಜಿನ ಮೇಲೆ ಬರಲಿಲ್ಲ. ಸಿಟ್ಟಿನ ದಿನವೂ ಇಲ್ಲ, ತಣ್ಣಗಿನ ದಿನವೂ ಇಲ್ಲ. ಬೆಳಗಿನ ಜಾವ ಹೊಸ್ತಿಲ ಮೇಲೆ ಕೂತಿದ್ದರೆ, ನಾನು ಎದ್ದ ಸದ್ದಿಗೆ ಒಳಗೆ ಬಂದು ಮಲಗಿಬಿಡುತ್ತಿದ್ದಳು. ಹೇಗಿದೆ ಎಂದರೆ "ಚೆನ್ನಾಗೈತೆ". ಡಾಕ್ಟರ ಹತ್ತಿರ ಹೋಗೋಣ್ವಾ ಎಂದರೆ "ನಾನೇ ಹೋಗ್ತೀನಿ". ಒಂದು ಸಂಜೆ ನಾನು ಆ ಲೋಟವನ್ನು ತೆಗೆದು ಕಪಾಟಿನೊಳಗೆ ಇಟ್ಟೆ. ಪಾತ್ರೆಗಳ ನಡುವೆ ಖಾಲಿ ಕೂತಿದ್ದ ಅದನ್ನು ನೋಡಲಾಗುತ್ತಿರಲಿಲ್ಲ.

ಎರಡು ವಾರದ ಮೇಲೆ ಆ ದಿನದ ಮಾತೆತ್ತಿದೆ. "ನನ್ನ ತಲೆ ನನ್ನ ಕೈಯಾಗೆ ಇಲ್ಲ ಅಂದ್ರಲ್ಲ" ಎಂದಳು. ನಾನು ತಲೆಯ ವಿಷಯ ಆಡಲಿಲ್ಲ, ನೀನು ತಲೆಯನ್ನೇ ತೋರಿಸಿದೆ ಎಂದೆ.

"ತಲೆ ಅಲ್ಲ ರೀ, ಬೆಳಕಿಂಡಿ! ಮುಚ್ಚಿತ್ತು ಅದು. ಹೊಗೆ ಹೋಗಾಕೆ ದಾರಿನೇ ಇರಲಿಲ್ಲ. ಉಸಿರು ಕಟ್ಟಿ ಹೊರಗೆ ಬಂದೆ. ಬಾಯಿ ಬಿಡಂಗಿಲ್ಲ. ನೀವು ನನ್ನ ಕಣ್ಣು ನೋಡಿ ತಿಳ್ಕಂತೀರಿ ಅಂತ ಅಂದ್ಕಂಡೆ."

ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಒಲೆಯ ನೇರಕ್ಕೆ ಮೇಲೊಂದು ಕಿಂಡಿ ಬಿಟ್ಟಿರುತ್ತಾರೆ. ಬೆಳಕು ಬರುವುದೂ ಹೊಗೆ ಹೋಗುವುದೂ ಅಲ್ಲೇ. ಮಳೆ ಬಂದಾಗ ಮೇಲೆ ಹತ್ತಿ ಏನಾದರೂ ಮುಚ್ಚುತ್ತಾರೆ. ಅದು ಮುಚ್ಚಿತ್ತೇ? ಅಲ್ಲೇ ಅವ್ವನಿಗೆ ಫೋನು ಮಾಡಿದೆ. "ಒಲೆ ಅಂದ ಮ್ಯಾಲೆ ಹೊಗೆ ಇರಲ್ವೇನಪ್ಪ? ನಲವತ್ತು ವರ್ಷ ಕುಡಿದೀನಿ ನಾನು." ತಮ್ಮ, "ಮೀಸಲಿಗಿಂತ ಹಿಂದಿನ ವಾರ ಮಳೆಗೆ ಕಲ್ಲು ಮುಚ್ಚಿದ್ದೆ ಅಣ್ಣ. ತೆಗೆದೆ ಅನ್ಸುತ್ತೆ. ತೆಗೆದ್ನೋ ಇಲ್ವೋ" ಎಂದ.

"ಇನ್ನು ನನ್ನೂ ಸಾಕ್ಷಿ ಕೇಳ್ತೀರೇನು?" ಎಂದಳು ಇವಳು. "ಅಷ್ಟು ಅನುಮಾನ ಇದ್ರೆ ಹತ್ತಿ ನೋಡ್ರಿ."

ಭಾನುವಾರ ಹೊರಟೆ. ಹೊಸದುರ್ಗದ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಅವಳು ಹೇಳಿದ್ದು ನಿಜವಾಗಿರಲಿ ಎಂದು ಬಯಸುತ್ತಿದ್ದೆನೋ, ಸುಳ್ಳಾಗಿರಲಿ ಎಂದೋ, ಅದೂ ಈಗ ಖಚಿತವಿಲ್ಲ. ಊರಿನಲ್ಲಿ ತಮ್ಮ ಏಣಿ ಹಿಡಿದ. "ನಿಂಗೇನಣ್ಣ, ಮೇಷ್ಟ್ರಾಗಿ ಕಲ್ಲು ನೋಡಾಕೆ ಇಷ್ಟು ದೂರ ಬಂದೀಯ" ಎಂದು ನಕ್ಕ.

ಇಳಿದ ಮೇಲೆ ಬೇಲಿಯ ಹತ್ತಿರ ನಿಂತು ಅವಳಿಗೆ ಫೋನು ಮಾಡಿ, ನೋಡಿದ್ದನ್ನು ಹೇಳಿದೆ.

"ಅಂಗಳದಾಗೆ ಅಂದ ಮಾತು?" ಎಂದಳು.

"ಅದನ್ನ ಹತ್ತಿ ನೋಡಾಕೆ ಏಣಿ ಇಲ್ಲ. ನೀನು ಹೇಳಿದಂಗೆ ಅಂದಿರಬಹುದು."

"ಹೂಂ. ರೀ, ಆ ದಪ್ಪ ಲೋಟ ಎಲ್ಲಿ ಇಟ್ಟೀರಿ? ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ."

ಅವಳು ಯಾಕೆ ಹುಡುಕುತ್ತಿದ್ದಳು, ಮಜ್ಜಿಗೆಗೋ ಬೋರಲು ಇಡಲಿಕ್ಕೋ, ನಾನು ಕೇಳಲಿಲ್ಲ. ಕಪಾಟಿನಲ್ಲಿದೆ ಎಂದೆ.

ಅವಳ ಬೆರಳು ಎತ್ತ ಇತ್ತು, ನನ್ನ ಬಾಯಿಂದ ಯಾವ ವಾಕ್ಯ ಬಂತು, ಹೆಂಗಸರು ಯಾವುದಕ್ಕೆ ನಕ್ಕರು, ಇದ್ಯಾವುದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಮಾಳಿಗೆಯ ಮೇಲೆ ಕಂಡದ್ದನ್ನು ಹೇಳಬಲ್ಲೆ. ಬೆಳಕಿಂಡಿಯ ಮೇಲೆ ಒಂದು ಕಡಪ ಕಲ್ಲಿನ ತುಂಡು ಇತ್ತು. ಆಷಾಢದಲ್ಲಿ ಬಚ್ಚಲಿಗೆ ಹೊಸದಾಗಿ ಹಾಸಿ ಉಳಿದದ್ದು. ಆ ಒಲೆಗೆ ಅದರ ನಂತರ ಬೆಂಕಿ ಬಿದ್ದದ್ದು ಮೀಸಲಿನ ದಿನ ಒಂದೇ ಸಲ, ಉಳಿದ ಅಡುಗೆಯೆಲ್ಲ ಗ್ಯಾಸಿನ ಮೇಲೆ. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿದೆ. ಅಡಿಯಲ್ಲಿ, ಕಿಂಡಿಯಷ್ಟೇ ಅಗಲಕ್ಕೆ, ಮಸಿ ಹಿಡಿದಿತ್ತು. ಬೆರಳಿಂದ ಉಜ್ಜಿದೆ. ಮಸಿ ಬೆರಳಿಗೆ ಬಂತು, ಅದರಡಿಯಲ್ಲಿ ಹೊಸ ಕಲ್ಲು ಕಂಡಿತು.